ಅರಮನೆಯ ಪಂಕ್ತಿ, ಆತಿಥ್ಯದ ಧರ್ಮ

ಅತಿಥಿಯ ರೂಢಿಗೆ ಹೊಂದಿಕೊಳ್ಳಲೆಂದು ಗೃಹಸ್ಥನು ತನ್ನ ಊಟದ ಪದ್ಧತಿಯನ್ನೇ ಬದಲಿಸಿದರೆ, ಅದು ಸೌಜನ್ಯವೋ ಸ್ವತ್ವದ ನಾಶವೋ? ಈ ಪ್ರಶ್ನೆಯನ್ನು ವಿಚಾರಿಸಲು ಆಟೊಮನ್ ತುರ್ಕರ ಅರಮನೆಯು ನಮಗೆ ಒಳ್ಳೆಯ ನಿದರ್ಶನವನ್ನು ಒದಗಿಸುತ್ತದೆ.

ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯಲ್ಲಿ ಸುಲ್ತಾನನು ಏಕಾಂತದಲ್ಲಿ ಉಣ್ಣುತ್ತಿದ್ದನು. ಹದಿನೈದನೆಯ ಶತಮಾನದ ಎರಡನೆಯ ಮೆಹ್ಮೆದನ ಹೆಸರಿನ ಶಾಸನಸಂಹಿತೆಯೇ ಹಾಗೆ ವಿಧಿಸಿತ್ತು. ಪರದೇಶದ ರಾಯಭಾರಿ ಬಂದರೆ ಮಹಾಮಂತ್ರಿಯು ಸಭಾಮಂದಿರದಲ್ಲಿ ಅವನಿಗೆ ಊಟವಿಡುತ್ತಿದ್ದನು. ಸುಲ್ತಾನನು ಜಾಲಂಧ್ರದ ಮರೆಯಿಂದ ನೋಡಬಹುದಾಗಿತ್ತು, ಜೊತೆಯಲ್ಲಿ ಕುಳಿತುಕೊಳ್ಳುತ್ತಿರಲಿಲ್ಲ. ತಗ್ಗಾದ ಪೀಠದ ಮೇಲೆ ದೊಡ್ಡ ಹರಿವಾಣ. ಅದರ ಸುತ್ತ ಕುಳಿತವರು ಬಲಗೈಯ ಬೆರಳುಗಳಿಂದ ಉಣ್ಣುವರು. ಸೇವಕರು ಗಿಂಡಿ ಹಿಡಿದು ಕೈಗೆ ನೀರೆರೆಯುವರು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕ್ರಮವು ಬದಲಾಯಿತು. ಸುಲ್ತಾನ ಅಬ್ದುಲ್ ಮಜೀದನು 1843ರಲ್ಲಿ ಆರಂಭಿಸಿದ ದೋಲ್ಮಾಬಾಹ್ಚೆ ಅರಮನೆ 1856ರಲ್ಲಿ ಮುಗಿಯಿತು. ಅದೇ ವರ್ಷ, ಕ್ರಿಮಿಯಾ ಯುದ್ಧ ಮುಗಿದ ಮೇಲೆ, ಅಲ್ಲಿ ನಡೆದ ಔತಣದಲ್ಲಿ ಫ್ರೆಂಚರ ಭಕ್ಷ್ಯಗಳ ನಡುವೆ ತುರ್ಕರ ಬೊರೆಕ್, ಪಿಲಾವು, ಬಕ್ಲಾವಾಗಳೂ ಬಡಿಸಲ್ಪಟ್ಟವು. ಎತ್ತರದ ಮೇಜು, ಕುರ್ಚಿ, ಮುಳ್ಳುಚಮಚ, ಚೂರಿಗಳು ಬಂದವು. 1867ರಲ್ಲಿ ಸುಲ್ತಾನ ಅಬ್ದುಲ್ ಅಜೀಜನು ಪ್ಯಾರಿಸ್, ಲಂಡನ್ ನಗರಗಳಿಗೆ ತಾನೇ ಅತಿಥಿಯಾಗಿ ಹೋದನು. 1869ರಲ್ಲಿ ಫ್ರಾನ್ಸಿನ ಸಾಮ್ರಾಜ್ಞಿ ಯೂಜೆನಿಯನ್ನು ತನ್ನ ಬೇಲರ್‌ಬೇಯಿ ಅರಮನೆಯಲ್ಲಿ ಇಳಿಸಿಕೊಂಡನು.

ಇದನ್ನು ಅನುಕರಣವೆಂದು ಹಳಿಯುವುದು ಸುಲಭ. ಆದರೆ ಒಂದು ಮಾತನ್ನು ನಾವು ಮರೆಯಬಾರದು. ಹಳೆಯ ಪದ್ಧತಿಯಲ್ಲಿ ಅನ್ನವಿತ್ತು, ರಾಜನ ಸಾನ್ನಿಧ್ಯವಿರಲಿಲ್ಲ. ಅತಿಥಿಯು ಅಲ್ಲಿ ಪೋಷಿತನೇ ಹೊರತು ಸಮಾನನಲ್ಲ. ಹೊಸ ಪದ್ಧತಿಯಲ್ಲಿ ಮರೆಯಲ್ಲಿದ್ದವನು ಎದುರಿಗೆ ಬಂದನು. ಪಿಲಾವನ್ನು ಚಮಚದಿಂದ ತಿಂದರೂ ಅದು ಪಿಲಾವೇ. ಪಾತ್ರೆ ಬದಲಾದ ಮಾತ್ರಕ್ಕೆ ಸ್ವತ್ವವು ಹೋಗದು. ಜೊತೆಯಲ್ಲಿ ಕುಳಿತು ಉಣ್ಣುವ ಮನಸ್ಸು ಬಂದರೆ ಅದು ನಷ್ಟವಲ್ಲ, ಲಾಭ.

ಹಾಗಾದರೆ ದೋಷವೆಲ್ಲಿ? ಅದು ಮೇಜಿನ ಮೇಲಿರಲಿಲ್ಲ, ಲೆಕ್ಕದ ಪುಸ್ತಕದಲ್ಲಿತ್ತು. 1854ರಲ್ಲಿ ಆ ರಾಜ್ಯವು ಮೊದಲ ಬಾರಿಗೆ ವಿದೇಶದಿಂದ ಸಾಲವೆತ್ತಿತು. 1875ರ ಹೊತ್ತಿಗೆ ಬಡ್ಡಿಯನ್ನೂ ಪೂರ್ತಿ ತೆರಲಾರದೆ ಹೋಯಿತು. ಸಾಲಕ್ಕೆ ಯುದ್ಧದ ವೆಚ್ಚವೂ ಕಾರಣ, ಅರಮನೆಗಳ ವೈಭವವೂ ಕಾರಣ. 1881ರಲ್ಲಿ, ಸಾಲ ಕೊಟ್ಟವರ ಪರವಾಗಿ ಏರ್ಪಟ್ಟ ಆಡಳಿತ ಮಂಡಳಿಯ ಕೈಗೆ ಉಪ್ಪಿನ ಆದಾಯವೂ ಸೇರಿತು. ಔತಣಕ್ಕೆ ಎಂದೂ ಕರೆಯಿಸಿಕೊಳ್ಳದ ಬಡವನು ತನ್ನ ಗಂಜಿಯ ಉಪ್ಪಿನಿಂದ ಆ ಸಾಲವನ್ನು ತೀರಿಸಬೇಕಾಯಿತು.

ಉಂಡ ಮನೆಯ ಜಂತೆ ಎಣಿಸಬಾರದೆಂಬುದು ನಮ್ಮ ಹಿರಿಯರ ಮಾತು. ಅದು ಅತಿಥಿಯ ಧರ್ಮ. ಉಣಿಸುವವನಾದರೋ ತನ್ನ ಮನೆಯ ಜಂತೆಗಳನ್ನು ಎಣಿಸಿಯೇ ಎಲೆ ಹಾಕಬೇಕು. ಯಾರ ಪದ್ಧತಿಯಂತೆ ಬಡಿಸಿದೆವೆಂಬುದು ಸಣ್ಣ ಪ್ರಶ್ನೆ. ಯಾರ ಪಾಲಿನದನ್ನು ಬಡಿಸಿದೆವೆಂಬುದೇ ದೊಡ್ಡ ಪ್ರಶ್ನೆ.