ಕೊಟ್ಟ ಕೈ ಯಾರದು?



ಇಂದು ಆಪರೇಷನ್ ಎಂದರೆ ನಮಗೆ ಭಯವಿದ್ದರೂ, ಅರಿವಳಿಕೆ ಕೊಡುತ್ತಾರೆಂಬ ಧೈರ್ಯವೂ ಇದೆ. ಒಂದು ಕಾಲದಲ್ಲಿ ರೋಗಿಯನ್ನು ಬಲವಂತವಾಗಿ ಹಿಡಿದುಕೊಂಡು ಕತ್ತರಿಸುತ್ತಿದ್ದರು. ಈ ವರವನ್ನು ನಮಗೆ ತಂದವರಲ್ಲಿ ಒಬ್ಬ ದಂತವೈದ್ಯರೂ ಇದ್ದಾರೆ.

ಅಮೆರಿಕದ ಹಾರ್ಟ್‌ಫರ್ಡ್ ಪಟ್ಟಣದ ಹೊರೇಸ್ ವೆಲ್ಸ್, 1844ರ ಡಿಸೆಂಬರ್ 10ರಂದು ನಗೆ ಅನಿಲದ ಪ್ರದರ್ಶನವೊಂದಕ್ಕೆ ಹೋದರು. ಅನಿಲ ಸೇವಿಸಿದ ಒಬ್ಬನ ಕಾಲಿಗೆ ಪೆಟ್ಟಾಗಿತ್ತು. ಆತನಿಗೆ ನೋವೇ ತಿಳಿದಿರಲಿಲ್ಲ. ಮರುದಿನವೇ ವೆಲ್ಸ್ ಆ ಅನಿಲ ಸೇವಿಸಿ ತಮ್ಮದೇ ಹಲ್ಲನ್ನು ಕೀಳಿಸಿಕೊಂಡರು. ನೋವಾಗಲಿಲ್ಲ. ಆ ವಿದ್ಯೆಯನ್ನು ಬಚ್ಚಿಡದೆ ಊರಿನ ಇತರ ದಂತವೈದ್ಯರಿಗೂ ತಿಳಿಸಿದರು.

1845ರಲ್ಲಿ ಬೋಸ್ಟನ್ ನಗರದಲ್ಲಿ ವೈದ್ಯವಿದ್ಯಾರ್ಥಿಗಳ ಮುಂದೆ ಇದನ್ನು ಮಾಡಿ ತೋರಿಸುವಾಗ ರೋಗಿ ಕೂಗಿಕೊಂಡ. ನೆರೆದವರು ಗೇಲಿ ಮಾಡಿದರು. 1846ರ ಅಕ್ಟೋಬರ್ 16ರಂದು ಅದೇ ನಗರದಲ್ಲಿ, ವೆಲ್ಸ್ ಅವರ ಹಿಂದಿನ ಪಾಲುದಾರ ವಿಲಿಯಂ ಮಾರ್ಟನ್ ಈಥರ್ ಬಳಸಿ ಗೆದ್ದರು. ಅದು ಈಥರ್ ಎಂದು ಯಾರಿಗೂ ತಿಳಿಯದಂತೆ ಬಣ್ಣ, ಸುವಾಸನೆ ಬೆರೆಸಿ, ಪೇಟೆಂಟ್ ಪಡೆದರು. ಚಾರ್ಲ್ಸ್ ಜಾಕ್ಸನ್ ಎಂಬ ವೈದ್ಯರು ಕೀರ್ತಿ ತಮ್ಮದೆಂದರು. ವೆಲ್ಸ್ ಕೂಡ ಆ ಜಗಳಕ್ಕೆ ಇಳಿದರು. ಮುಂದೆ ಕ್ಲೋರೊಫಾರ್ಮನ್ನು ತಮ್ಮ ಮೇಲೆಯೇ ಪ್ರಯೋಗಿಸುತ್ತಾ ಬುದ್ಧಿಸ್ಥಿಮಿತ ಕಳೆದುಕೊಂಡು, 1848ರ ಜನವರಿಯಲ್ಲಿ ನ್ಯೂಯಾರ್ಕಿನ ಸೆರೆಮನೆಯಲ್ಲಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಆಗ ಅವರಿಗೆ 33 ವರ್ಷ. ಅಮೆರಿಕದ ದಂತವೈದ್ಯರ ಸಂಘ ಅವರ ಹಿರಿಮೆಯನ್ನು ಒಪ್ಪಿದ್ದು 1864ರಲ್ಲಿ.

ಅವರನ್ನು ತೀರ್ಪು ಮಾಡಲು ನಾವು ಯಾರು? ಹೀಗೆ ಸತ್ತವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದು, ಅವರಿಗಾಗಿ ಪ್ರಾರ್ಥಿಸಬೇಕು ಎಂದೇ ಧರ್ಮಸಭೆ ಬೋಧಿಸುತ್ತದೆ. ನಾವು ನೋಡಬೇಕಾದದ್ದು ನಮ್ಮ ಅಂತರಂಗವನ್ನು.

ಎಡಗೈಗೆ ತಿಳಿಯದಂತೆ ಬಲಗೈ ಕೊಡಲಿ ಎಂದರು ಯೇಸುಸ್ವಾಮಿ. ಹಾಗಾದರೆ ವೆಲ್ಸ್ ಸುಮ್ಮನಿರಬೇಕಿತ್ತೇ? ಇಲ್ಲಿ ಎರಡು ಮಾತುಗಳಿವೆ. ನನ್ನ ಹೆಸರಿಗಾಗಿ ಹೊಡೆದಾಡದಿರುವುದು ವಿನಯ. ಇನ್ನೊಬ್ಬರ ಹೆಸರನ್ನು ಮರೆಮಾಚದಿರುವುದು ನ್ಯಾಯ. ನಾವಾದರೋ ವಿನಯವನ್ನು ಇತರರಿಗೆ ಬೋಧಿಸಿ, ನ್ಯಾಯವನ್ನು ನಮಗಾಗಿ ಕೇಳುತ್ತೇವೆ!

ಧರ್ಮಕೇಂದ್ರದ ಹಬ್ಬ ಮುಗಿದಾಗ ಯಾರ ಹೆಸರು ಓದುತ್ತೇವೆ, ಯಾರನ್ನು ಮರೆಯುತ್ತೇವೆ? ಮನೆಯಲ್ಲಿ ಮಗ ಪಾಸಾದಾಗ, ರಾತ್ರಿಯೆಲ್ಲ ಜೊತೆಗೆ ಕುಳಿತಿದ್ದ ಅಕ್ಕನನ್ನು ನೆನೆಯುತ್ತೇವೆಯೇ? ಸೋತವರನ್ನು ನೋಡಿ ನಕ್ಕವರಲ್ಲಿ ನಾವೂ ಇದ್ದೇವೆಯೇ?

ನಮ್ಮಲ್ಲಿರುವುದೆಲ್ಲ ದೇವರಿಂದ ಪಡೆದದ್ದು. ಈ ವಾರ ನಮ್ಮ ಕೆಲಸದಲ್ಲಿ ಮರೆಯಾಗಿ ನೆರವಾದ ಒಬ್ಬರ ಹೆಸರನ್ನು ನಾಲ್ಕು ಜನರ ಮುಂದೆ ಹೇಳೋಣ. ನಮ್ಮ ಹೆಸರನ್ನು ದೇವರ ಕೈಗೆ ಬಿಡೋಣ.