ಕೋವಿ ಅರ್ಜಿಯ ಒಂದು ಕಾಲಂ


ಇಂದಿನ ಧಮ್ಮ ಚಿಂತನೆ



ಕಳೆದ ಮಳೆಗಾಲದಲ್ಲಿ ನಮ್ಮ ಬಳಗದ ಹಿರಿಯರೊಬ್ಬರು ಒಂದು ಅರ್ಜಿ ಹಿಡಿದು ಮನೆಗೆ ಬಂದರು. ಮೇಷ್ಟ್ರು ಎಂದ ಮೇಲೆ ಊರಿನ ಅರ್ಜಿಗಳೆಲ್ಲ ನಮ್ಮ ಜಗಲಿಗೇ ಬರುತ್ತವೆ. ಇದು ಬೆಳೆ ರಕ್ಷಣೆಯ ಕೋವಿ ಲೈಸೆನ್ಸಿನ ಅರ್ಜಿ. ಉಳವಿಯ ಕಡೆ ಕಾಡಿನಂಚಿಗೆ ಅವರದ್ದು ಒಂದೂವರೆ ಎಕರೆ. ಮುಸುಕಿನ ಜೋಳ ಹಾಲುಗಟ್ಟುವ ಹೊತ್ತಿಗೆ ಹಂದಿ ನುಗ್ಗಿದರೆ ಒಂದೇ ರಾತ್ರಿಗೆ ವರ್ಷದ ಅನ್ನ ಹೋಯಿತು. (ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ.)

ಹೆಸರು, ವಿಳಾಸ, ಪಹಣಿ ಎಲ್ಲ ಸರಾಗವಾಗಿ ತುಂಬಿದೆವು. ಆಮೇಲೆ ಆ ಕಾಲಂ ಬಂತು: ಹಿಂದೆ ಯಾವುದಾದರೂ ಅಪರಾಧದಲ್ಲಿ ಶಿಕ್ಷೆ ಆಗಿದೆಯೇ?

ಆಗಿತ್ತು. ಇಪ್ಪತ್ತು ವರ್ಷಕ್ಕೂ ಹಿಂದೆ, ಒಂದು ಜಾತ್ರೆಯ ಹೋಟೆಲಿನಲ್ಲಿ ಅವರಿಗೆ ಬೇರೆ ಲೋಟ ಕೊಟ್ಟರು. ಮಾತಿಗೆ ಮಾತು ಬೆಳೆಯಿತು, ಇವರು ಕೈಗೆ ಸಿಕ್ಕ ಕಟ್ಟಿಗೆಯಿಂದ ಹೊಡೆದರು, ಎದುರಿನವನ ತಲೆ ಒಡೆಯಿತು. ಒಂದು ವರ್ಷ ಜೈಲು. ಲೋಟದ ಬಗ್ಗೆ ದೂರು ಕೊಡಬಹುದೆಂದು ಆಗ ಅವರಿಗೆ ಹೇಳುವವರು ಯಾರೂ ಇರಲಿಲ್ಲ.

"ಇಲ್ಲ ಅಂತ ಬರೀರಿ ಮೇಷ್ಟ್ರೇ" ಎಂದರು. "ಹೌದು ಅಂದರೆ ಯಾವ ಸೆಕ್ಷನ್ ಅಂತ ಕೇಳ್ತಾರೆ. ಯಾಕೆ ಹೊಡೆದೆ ಅಂತ ಕೇಳೋಕೆ ಅದರಲ್ಲಿ ಜಾಗ ಇಲ್ಲ."

ಮಾತು ನಿಜ. ಆದರೂ ನಾನು ಪಂಚಶೀಲದ ನಾಲ್ಕನೆಯದನ್ನು ನೆನಪಿಸಿದೆ. ಬಾಬಾಸಾಹೇಬರ 22 ಪ್ರತಿಜ್ಞೆಗಳಲ್ಲೂ ಸುಳ್ಳು ಹೇಳುವುದಿಲ್ಲ ಎಂಬುದಿದೆಯಲ್ಲ ಎಂದೆ. ಜೊತೆಗೆ ಕಾನೂನನ್ನೂ ಹೇಳಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 9ನೇ ಕಲಮಿನ ಪ್ರಕಾರ ಹಿಂಸೆಯ ಅಥವಾ ನೈತಿಕ ಅಧಃಪತನದ ಅಪರಾಧಕ್ಕೆ ಜೈಲಾಗಿದ್ದರೆ, ಶಿಕ್ಷೆ ಮುಗಿದು 5 ವರ್ಷದವರೆಗೆ ಆಯುಧ ಇಟ್ಟುಕೊಳ್ಳುವಂತಿಲ್ಲ. ಆಮೇಲೆ ಆ ನಿಷೇಧ ಇರುವುದಿಲ್ಲ. ಇವರಿಗೆ ಅದು ಮುಗಿದು ಎಷ್ಟೋ ಕಾಲವಾಗಿದೆ. ಮುಚ್ಚಿಟ್ಟು ಪಡೆದರೆ ಮಾತ್ರ, ಕೊಟ್ಟ ಲೈಸೆನ್ಸನ್ನೂ 17ನೇ ಕಲಮಿನಲ್ಲಿ ರದ್ದು ಮಾಡಬಹುದು. 14ನೇ ಕಲಮಿನಲ್ಲಿ ಇನ್ನೊಂದು ಒಳ್ಳೆಯ ಮಾತಿದೆ, ಓದಿದಾಗ ನನಗೇ ಆಶ್ಚರ್ಯವಾಯಿತು: ಸಾಕಷ್ಟು ಆಸ್ತಿ ಇಲ್ಲವೆಂಬ ಒಂದೇ ಕಾರಣಕ್ಕೆ ಯಾರಿಗೂ ಲೈಸೆನ್ಸ್ ನಿರಾಕರಿಸುವಂತಿಲ್ಲ. ಆದರೆ ಅದೇ ಕಲಮಿನಲ್ಲಿ, ಯಾವುದೇ ಕಾರಣದಿಂದ ಅರ್ಜಿದಾರ ಯೋಗ್ಯನಲ್ಲ ಎಂದು ಕಂಡರೆ ನಿರಾಕರಿಸಬಹುದು ಎಂದೂ ಇದೆ. ಹಳೆಯ ಕೇಸು ಮತ್ತೆ ಒಳಗೆ ಬರುವುದು ಆ ಬಾಗಿಲಿನಿಂದ.

"ಹೌದು" ಎಂದು ಬರೆದೆವು. ಅವರು ಸಹಿ ಹಾಕಿದರು.

ಅಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು. ಹುಟ್ಟಿನಿಂದ ಯಾರೂ ಮೇಲಲ್ಲ, ಕೀಳಲ್ಲ, ನಡತೆಯಿಂದಲೇ ಮನುಷ್ಯನನ್ನು ಅಳೆಯಬೇಕು ಎಂದು ವಸಲ ಸುತ್ತ ಓದಿದಾಗಲೆಲ್ಲ ನಾವು ತಲೆದೂಗುತ್ತೇವೆ. ಹುಟ್ಟಿನ ಲೆಕ್ಕ ಏನು ಮಾಡುತ್ತದೆಂದು ನಮಗೆ ಗೊತ್ತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳೆಂದು ಪಟ್ಟಿ ಮಾಡಿತು. 1952ರಲ್ಲಿ ಅದು ಹೋಯಿತು, ಅನುಮಾನ ಹೋಗಲಿಲ್ಲ. ಜೈಲಿನ ರಿಜಿಸ್ಟರಿನಿಂದ ಜಾತಿಯ ಕಾಲಂ ತೆಗೆಯಿರಿ ಎಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರಿನಲ್ಲಿ ಹೇಳಬೇಕಾಯಿತು! ಇನ್ನೊಂದು ಕಡೆ ಹುಟ್ಟಿನಿಂದಲೇ ಬರುವ ನಂಬಿಕೆಯೂ ಇದೆ. ಕೊಡಗಿನ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಅವರ ಮೇಲೆ ನನಗೇನೂ ದೂರಿಲ್ಲ. ನಂಬಿಕೆಯೂ ಅನುಮಾನವೂ ಮನುಷ್ಯನನ್ನು ನೋಡುವ ಮೊದಲೇ ಹಂಚಿಹೋಗಿರುತ್ತವೆ ಎನ್ನುವುದಕ್ಕೆ ಹೇಳಿದೆ.

ಆದರೆ ಹುಟ್ಟನ್ನು ಬಿಟ್ಟು ನಡತೆಯನ್ನು ಹಿಡಿದರೆ ಕಟ್ಟಿಗೆಯ ಏಟೂ ನಡತೆಯೇ. ಅದನ್ನು ಲೆಕ್ಕದಿಂದ ಬಿಡುವಂತಿಲ್ಲ. ಹಾಗಿದ್ದರೆ ಯಾವ ನಡತೆ ಲೆಕ್ಕಕ್ಕೆ? ಅಂದಿನ ಒಂದು ಸಂಜೆಯದೋ, ಆಮೇಲಿನ ಇಪ್ಪತ್ತು ವರ್ಷದ್ದೋ? ಮೊದಲನೆಯದನ್ನೇ ಹಿಡಿದು ಕೂತರೆ ಶಿಕ್ಷೆಯಾದ ದಿನವೇ ಆ ಮನುಷ್ಯನ ಇನ್ನೊಂದು ಹುಟ್ಟಾಗುತ್ತದೆ. ಏನು ಮಾಡಿದರೂ ಅಳಿಸಲಾಗದ್ದು, ಮಕ್ಕಳಿಗೂ ಅಂಟುವಂಥದ್ದು. ಅದಕ್ಕೆ ನಾವು ಬಲ್ಲ ಹೆಸರು ಜಾತಿ.

ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಪತಿತರ, ಅಪರಾಧಿಗಳ ಪರಿವರ್ತನೆಗೆಂದೇ ಒಂದು ಭಾಗ ಇಟ್ಟಿದ್ದಾರೆ. ಅಂಗುಲಿಮಾಲ ಬರುವುದು ಅಲ್ಲಿ. ಕೋಸಲದ ರಾಜ ಪಸೇನದಿ ಕುದುರೆ ಸವಾರರೊಡನೆ ಅವನನ್ನು ಹಿಡಿಯಲು ಹೊರಟಿದ್ದ. ಪಕ್ಕದಲ್ಲೇ ಕೂತಿದ್ದ ಭಿಕ್ಕುವೇ ಅವನೆಂದು ಬುದ್ಧರು ತೋರಿಸಿದಾಗ ರಾಜನಿಗೇ ಮೈ ನಡುಗಿತು. ಈ ಕಥೆ ನಮಗೆಲ್ಲ ಬಾಯಿಪಾಠ. ವಿನಯದಲ್ಲಿ ಇರುವ ಮುಂದಿನ ಭಾಗವನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ಅಂಗುಲಿಮಾಲ ಭಿಕ್ಕುವಾದ ಮೇಲೂ ಜನ ಅವನನ್ನು ಕಂಡು ದಾರಿ ಬದಲಿಸಿದರು, ಬಾಗಿಲು ಹಾಕಿಕೊಂಡರು, ಹೀಗಾದರೆ ಹೇಗೆ ಎಂದು ಗೊಣಗಿದರು. ಆಗ ಬುದ್ಧರು ಹೆಸರುವಾಸಿ ದರೋಡೆಕೋರರನ್ನು ಇನ್ನು ಮುಂದೆ ಸಂಘಕ್ಕೆ ಸೇರಿಸಬಾರದೆಂದು ನಿಯಮ ಮಾಡಿದರು. ಅಂದರೆ ಸಂಘಕ್ಕೂ ಒಂದು ಕಾಲಂ ಬಂತು! ಜನರ ಹೆದರಿಕೆಯನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಆಗಲೇ ಒಳಗೆ ಬಂದು ಬದಲಾಗಿದ್ದವನನ್ನು ಹೊರಗೂ ಹಾಕಲಿಲ್ಲ. ಭಿಕ್ಷೆಗೆ ಹೋದವನು ಕಲ್ಲೇಟು ತಿಂದು ರಕ್ತ ಸುರಿಸುತ್ತ ಬಂದಾಗ, ಸಹಿಸಿಕೋ ಎಂದರು.

ನೀವು ಕೇಳಬಹುದು: ಅಂಗುಲಿಮಾಲ ಕತ್ತಿ ಬಿಸಾಡಿದ, ನಿಮ್ಮ ಮನುಷ್ಯ ಕೋವಿ ಕೇಳುತ್ತಿದ್ದಾನಲ್ಲ? ಈ ಪ್ರಶ್ನೆ ನನ್ನನ್ನೂ ತಡೆದು ನಿಲ್ಲಿಸಿತು. ಅಹಿಂಸೆಯನ್ನು ಬುದ್ಧರು ಕಟ್ಟುನಿಟ್ಟಿನ ನಿಯಮವಾಗಿ ಅಲ್ಲ, ತತ್ವವಾಗಿ ಕೊಟ್ಟರು, ಕೊಲ್ಲುವ ಆಸೆ ಬೇರೆ, ಕೊಲ್ಲಲೇಬೇಕಾದ ಅಗತ್ಯ ಬೇರೆ ಎಂದು ಬಾಬಾಸಾಹೇಬರು ವಿವರಿಸುತ್ತಾರೆ. ಈ ಮನುಷ್ಯನಿಗೆ ಬೇಕಿರುವುದು ಸದ್ದು. ಲೈಸೆನ್ಸ್ ಇದ್ದ ಮಾತ್ರಕ್ಕೆ ಕಾಡುಪ್ರಾಣಿಯನ್ನು ಕೊಲ್ಲುವ ಅನುಮತಿ ಸಿಕ್ಕಂತಲ್ಲ ಎಂಬುದೂ ಅವರಿಗೆ ಗೊತ್ತು. ಇನ್ನು ನಮ್ಮವರ ಕೈಗೆ ಆಯುಧ ಎಂದ ಕೂಡಲೇ ಹುಬ್ಬೇರಿಸುವವರು ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಲ್ಲಿ 3ನೆಯದನ್ನು ಓದಬೇಕು. ದೌರ್ಜನ್ಯದ ಭಯವಿರುವ ಪ್ರದೇಶದಲ್ಲಿ ಅಗತ್ಯವಾದರೆ ಬೇರೆಯವರ ಲೈಸೆನ್ಸ್ ರದ್ದು ಮಾಡಿ ಪರಿಶಿಷ್ಟರಿಗೆ ಲೈಸೆನ್ಸ್ ಕೊಡಬಹುದೆಂದು ಅದರಲ್ಲಿದೆ. ಅದು ಎಷ್ಟು ಕಡೆ ಜಾರಿಯಾಗಿದೆ ಎಂದು ನನ್ನನ್ನು ಕೇಳಬೇಡಿ.

ಇಷ್ಟೆಲ್ಲ ಓದಿದವನು ನಾನು. ಇನ್ನು ನಾನು ಮಾಡಿದ್ದನ್ನು ಹೇಳುತ್ತೇನೆ.

ಅರ್ಜಿಯ ಮೇಲೆ ಪೊಲೀಸ್ ವರದಿ ಬೇಕು. ಒಂದು ದಿನ ಶಾಲೆಯ ಗೇಟಿನ ಹತ್ತಿರ ಪೇದೆಯೊಬ್ಬರು ಬೈಕ್ ನಿಲ್ಲಿಸಿ, "ಮೇಷ್ಟ್ರೇ, ಇವರು ಹೇಗೆ? ಹಳೇ ಕೇಸ್ ಇದೆಯಲ್ಲ" ಎಂದು ಕೇಳಿದರು. ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ ನನ್ನ ಹೆಸರು ಬರುತ್ತದೆ ಎಂಬುದೇ ನನಗೆ ಮೊದಲು ಹೊಳೆದದ್ದು. ಬಾಯಿಂದ ಬಂದದ್ದು: "ನನಗೆ ಅಷ್ಟಾಗಿ ಪರಿಚಯ ಇಲ್ಲ."

ಒಂಬತ್ತು ವರ್ಷದಿಂದ ಪ್ರತಿ ಹುಣ್ಣಿಮೆ ಒಂದೇ ಚಾಪೆಯ ಮೇಲೆ ಕೂತವರು ನಾವು. ನಷ್ಟವಾಗಬಹುದಾದ ಸತ್ಯವನ್ನು ಅವರಿಂದ ಬರೆಸಿದವನು ನಾನೇ. ನನಗೆ ಏನೂ ಖರ್ಚಾಗದ ಸತ್ಯವೊಂದನ್ನು ಹೇಳಲು ನನ್ನಿಂದ ಆಗಲಿಲ್ಲ. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಜೈಲಿಗೆ ಹೋದ ಗೇಣಿದಾರರ ಕಥೆಯನ್ನು ನಾನು ತರಗತಿಯಲ್ಲಿ ಎದೆಯುಬ್ಬಿಸಿ ಹೇಳುತ್ತೇನೆ. ಲೋಟಕ್ಕಾಗಿ ಜೈಲಿಗೆ ಹೋದವನ ಪರಿಚಯ ಮಾತ್ರ ಗೇಟಿನ ಹತ್ತಿರ ಮರೆತುಹೋಯಿತು. ಹೊಡೆದದ್ದು ಸರಿಯೆಂದು ನಾನು ಹೇಳುತ್ತಿಲ್ಲ, ಅವರೂ ಹೇಳುವುದಿಲ್ಲ.

ಮೂರು ರಾತ್ರಿ ನಿದ್ದೆ ಬರಲಿಲ್ಲ. ನಾಲ್ಕನೇ ದಿನ ಒಂದು ಪತ್ರ ಬರೆದೆ. ಆ ದಿನ ನಾನು ಹೇಳಿದ್ದು ತಪ್ಪು, ಇವರನ್ನು ಒಂಬತ್ತು ವರ್ಷದಿಂದ ಬಲ್ಲೆ, ಕುಡಿತ ಬಿಟ್ಟಿದ್ದಾರೆ, ಜಗಳ ಬಿಡಿಸಲು ಹೋಗುವವರಲ್ಲಿ ಮೊದಲಿಗರು ಎಂದು ಬರೆದೆ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ ಎಂದು, ಸಿಟ್ಟು ಬೇಗ ಬರುತ್ತದೆ, ಬೇಗ ಇಳಿಯುತ್ತದೆ ಎಂದೂ ಸೇರಿಸಿದೆ. ಠಾಣೆಗೆ ಕೊಡುವ ಮೊದಲು ಅವರ ಮನೆಗೆ ಹೋಗಿ, ಗೇಟಿನ ಸಂಗತಿಯನ್ನು ಒಪ್ಪಿಕೊಂಡು, ಪತ್ರವನ್ನು ಓದಿ ಹೇಳಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಗೇಟಿನ ವಿಷಯ ಎತ್ತಲೇ ಇಲ್ಲ. ಸಿಟ್ಟಿನ ಸಾಲನ್ನು ಇನ್ನೊಮ್ಮೆ ಓದಿಸಿ, "ಅದೂ ಇರಲಿ ಬಿಡಿ" ಎಂದು ನಕ್ಕರು.

ಅರ್ಜಿ ಇನ್ನೂ ತೀರ್ಮಾನವಾಗಿಲ್ಲ. ಈ ಸಲದ ಜೋಳವೂ ತೆನೆಗಟ್ಟಿದೆ. ರಾತ್ರಿ ಹನ್ನೊಂದರ ಮೇಲೆ ನಮ್ಮ ಮನೆಯ ಜಗಲಿಗೆ ಅವರು ಮಾಳದ ಮೇಲೆ ಕೂತು ಡಬ್ಬ ಬಡಿಯುವ ಸದ್ದು ಕೇಳುತ್ತದೆ. ನಾಳೆ ಶನಿವಾರ, ಬೆಳಗಿನ ಶಾಲೆ. ಇವತ್ತು ರಾತ್ರಿ ಜೊತೆಗೆ ನಾನೂ ಹೋಗುತ್ತಿದ್ದೇನೆ.

ಜೈ ಭೀಮ್.