ಎಲ್ಲಿಗೂ ಹೋಗದ ರೈಲು

ಸಂತೋಷಪಡುವುದಕ್ಕೆ ಮನುಷ್ಯನಿಗೆ ಒಂದು ನೆಪ ಬೇಕೇ ಬೇಕೇ? ಈ ಪ್ರಶ್ನೆ ನನ್ನನ್ನು ಹಿಡಿದದ್ದು ವಿಶಾಖಪಟ್ಟಣದ ಕೈಲಾಸಗಿರಿಯ ಪುಟ್ಟ ರೈಲಿನಿಂದ. ಗುಡ್ಡದ ಮೇಲೆ ಒಂದು ಸುತ್ತು ಹಾಕಿ, ಹತ್ತಿಸಿಕೊಂಡ ಕಡೆಯೇ ತಂದು ಇಳಿಸುವ ರೈಲು ಅದು. ಬಿ.ಎಸ್ಸಿ.ಯಲ್ಲಿ ಓದಿದ ಲೆಕ್ಕದಲ್ಲಿ ಸ್ಥಾನಪಲ್ಲಟ ಸೊನ್ನೆ.

2016ರ ಚಳಿಗಾಲದಲ್ಲಿ ನಮ್ಮ ತಂದೆಯವರು ತಿಪಟೂರಿನಿಂದ ಬಂದಿದ್ದರು. ಮಕ್ಕಳ ಜೊತೆ ಅವರನ್ನೂ ರೈಲಿನಲ್ಲಿ ಕೂರಿಸಿದೆ. ಒಂದು ಕಡೆ ಋಷಿಕೊಂಡದ ಕಡಲತೀರ, ಇನ್ನೊಂದು ಕಡೆ ಊರು. ಇಳಿದೊಡನೆ ಮಕ್ಕಳು ಐಸ್‌ಕ್ರೀಮಿನತ್ತ ಓಡಿದರು. ತಂದೆಯವರು ಮೆಲ್ಲಗೆ, "ಇನ್ನೊಂದು ಸುತ್ತು ಹೋಗೋಣವೇನೋ?" ಎಂದರು.

"ಮಕ್ಕಳೇ ಸಾಕು ಅಂತಿದಾರೆ ಅಪ್ಪಾ. ಮತ್ತೆ ಅದೇ ಸಮುದ್ರ ತಾನೇ?"

"ಹೌದೌದು, ಸುಮ್ಮನೆ ಕೇಳಿದೆ."

ಮಕ್ಕಳು ಕೇಳಿದ್ದರೆ ಎರಡನೆಯ ಸಲವೂ ಟಿಕೆಟ್ ಕೊಳ್ಳುತ್ತಿದ್ದೆ, ಅದರಲ್ಲಿ ಸಂಶಯವಿಲ್ಲ.

ಹಿಂದೆ ವಿಜಯವಾಡದಲ್ಲಿದ್ದಾಗ ಕೃಷ್ಣೆಯ ನಡುವಿನ ಭವಾನಿ ದ್ವೀಪಕ್ಕೆ ದೋಣಿಯಲ್ಲಿ ಹೋಗುತ್ತಿದ್ದೆವು. ಅದೂ 'ಮಕ್ಕಳಿಗೋಸ್ಕರ'ವೇ. ಆಲಮಟ್ಟಿ, ನಾರಾಯಣಪುರ ದಾಟಿ ಬಂದ ನೀರು ಪ್ರಕಾಶಂ ಬ್ಯಾರೇಜಿನ ಹಿಂದೆ ನಿಂತಿರುವುದನ್ನು ಕಣ್ತುಂಬ ನೋಡುತ್ತಿದ್ದವನು ಮಾತ್ರ ನಾನು. ಆದರೆ ದೋಣಿ ಒಂದು ಕಡೆ ಮುಟ್ಟಿಸುತ್ತದಲ್ಲ, ಆ ಸಮಾಧಾನವಿತ್ತು. ನಮ್ಮ ಕಚೇರಿಯ ಎಲ್.ಟಿ.ಸಿ. ಅರ್ಜಿಯಲ್ಲಿಯೂ ಹೋಗುವ ಸ್ಥಳವನ್ನು ಮೊದಲೇ ನಮೂದಿಸಬೇಕು. ಹಣ ಸಿಗುವುದು ಅತಿ ಹತ್ತಿರದ ಮಾರ್ಗಕ್ಕೆ. ಇಂಥ ಅರ್ಜಿಗಳನ್ನು ತಿದ್ದಿ ತಿದ್ದಿ ನನ್ನ ಬುದ್ಧಿಯೂ ಹಾಗೆಯೇ ಆಗಿದೆಯೋ ಏನೋ.

ಸಿಂಗಾಪುರದ ಸೆಂತೋಸಾ ಎಂಬ ವಿಹಾರದ್ವೀಪದಲ್ಲಿಯೂ ಇಂಥದೇ ರೈಲೊಂದಿತ್ತು. 1982ರಲ್ಲಿ ಆರಂಭವಾದ ಆ ಮೊನೊರೈಲು ಒಂದೇ ತೊಲೆಯ ಮೇಲೆ, ಒಂದೇ ದಿಕ್ಕಿನಲ್ಲಿ, ನಿಧಾನವಾಗಿ ದ್ವೀಪದೊಳಗೇ ಸುತ್ತುತ್ತಿತ್ತು. ಹಿಂದಿನ ನಿಲ್ದಾಣ ಬೇಕೆಂದರೆ ಪೂರ್ತಿ ಸುತ್ತಿಯೇ ಬರಬೇಕು! 2005ರಲ್ಲಿ ಅದನ್ನು ನಿಲ್ಲಿಸಿದರು. 2007ರಿಂದ ಬಂದ ಹೊಸ ಮೊನೊರೈಲು ಊರಿನಿಂದ ದ್ವೀಪಕ್ಕೆ ನೇರವಾಗಿ ಜನರನ್ನು ಒಯ್ಯುತ್ತದೆ. ಕಡತ ನನ್ನ ಮೇಜಿಗೆ ಬಂದಿದ್ದರೆ ನಾನೂ ಹಾಗೆಯೇ ಟಿಪ್ಪಣಿ ಬರೆಯುತ್ತಿದ್ದೆ. ಜನರನ್ನು ಮುಟ್ಟಿಸುವುದು ಬೇಡವೆನ್ನಲಾದೀತೇ?

ಆದರೆ ತಂದೆಯವರ ವಿಷಯ ಅಷ್ಟು ಸುಲಭವಲ್ಲ. ಕಾಸು ಪೋಲು ಮಾಡಬಾರದೆಂದು ನನಗೆ ಕಲಿಸಿದವರು ಅವರೇ. ಮೇಷ್ಟ್ರ ಸಂಬಳದಲ್ಲಿ ನಾಲ್ವರನ್ನು ಓದಿಸಿದವರು. ಜಾತ್ರೆಯಲ್ಲಿ ನಮ್ಮನ್ನು ತೊಟ್ಟಿಲು ಹತ್ತಿಸಿ ತಾವು ಕೆಳಗೆ ಚಪ್ಪಲಿ ಕಾಯುತ್ತಿದ್ದವರು. ಹಾಗಾದರೆ ಅಂದು ನಾನು ನಡೆದುಕೊಂಡದ್ದು ಅವರ ಪಾಠದಂತೆಯೇ ಅಲ್ಲವೇ? ಅಲ್ಲವೆಂದೇ ಈಗ ತೋರುತ್ತದೆ. ಆ ನಿಯಮವನ್ನು ಅವರು ತಮಗೆ ತಾವೇ ಹಾಕಿಕೊಂಡಿದ್ದರು, ನಮಗಾಗಿ. ಎಪ್ಪತ್ತು ದಾಟಿದ ಮೇಲೆ ಅದನ್ನು ಒಂದೇ ಒಂದು ಸಲ ಸಡಿಲಿಸಬಯಸಿದರು. ಅವರ ನಿಯಮವನ್ನು ಅವರ ಮೇಲೆಯೇ ಹೇರುವ ಅಧಿಕಾರ ನನಗೆಲ್ಲಿತ್ತು? ಅದೂ ಮಕ್ಕಳನ್ನು ಮುಂದೆಮಾಡಿ.

2018ರಲ್ಲಿ ತಂದೆಯವರು ತೀರಿಕೊಂಡರು. ಕರ್ಮಾಂತರಗಳನ್ನು ಮುಗಿಸಿ ಬಂದ ಮೇಲೆ ಒಂದು ಭಾನುವಾರ, ಮನೆಯಲ್ಲಿ ಹೇಳದೆ ಕೈಲಾಸಗಿರಿಗೆ ಹೋದೆ. ಟಿಕೆಟ್ ಕೊಡುವಾತ ನನ್ನ ಹಿಂದೆ ಕಣ್ಣುಹಾಯಿಸಿ, "ಪಿಲ್ಲಲು ಎಂತ ಮಂದಿ ಅಂಡಿ?" ಎಂದು ಕೇಳಿದ.

ಮಕ್ಕಳಿಲ್ಲ, ನಾನೊಬ್ಬನೇ ಎಂದೆ. ಎರಡು ಸುತ್ತಿಗೆ ಟಿಕೆಟ್ ಕೇಳಿದೆ.